ಚಳಿಗೆ ಮುಗ್ಗರಿಸಿದ ಹೀರೋ ಕಾರು

ಬೆಳ್ಳಿತೆರೆಯ ಮೇಲೆ ಕಾರಿಗೆ ಎಂದೂ ನೆಗಡಿಯಾಗುವುದಿಲ್ಲ! ನಾಯಕ ಬಾಗಿಲು ತೆರೆಯುವ ತೊಂದರೆಯನ್ನೂ ತೆಗೆದುಕೊಳ್ಳದೆ ಹಾರಿ ಸೀಟಿನಲ್ಲಿ ಕೂರುತ್ತಾನೆ, ಕೀಲಿ ತಿರುಗಿಸುತ್ತಾನೆ, ಮರುಕ್ಷಣ ಧೂಳೆಬ್ಬಿಸಿ ಮಾಯ! ಡಾ. ರಾಜ್‌ಕುಮಾರ್ ಅವರ ಪತ್ತೇದಾರಿ ಚಿತ್ರಗಳ ಕಾಲದಿಂದ - 'ಜೇಡರ ಬಲೆ', 'ಗೋವಾದಲ್ಲಿ ಸಿ.ಐ.ಡಿ. 999', ಎರಡೂ 1968ರವು - ನಾವು ಇದನ್ನೇ ನೋಡುತ್ತ ಬಂದವರು. 1980ರಲ್ಲಿ ಬಂದ 'ಮಿಂಚಿನ ಓಟ'ದಲ್ಲಂತೂ ಕಥೆಯೇ ಕಾರು ಕದಿಯುವವರದ್ದು. ಶಂಕರ್‌ನಾಗ್ ನಿರ್ದೇಶಿಸಿದ ಮೊದಲ ಚಿತ್ರ ಅದು. ಕದ್ದ ಕಾರು ಬೆಳಗಿನ ಚಳಿಗೆ ಕೆಮ್ಮಿ ನಿಂತುಬಿಟ್ಟಿದ್ದರೆ ಕಥೆ ಮೊದಲ ರೀಲಿಗೇ ಮುಗಿದುಹೋಗುತ್ತಿತ್ತು, ಅಲ್ಲವೇ?

ನಿಜವಾದ ಕಾರಿಗೆ ಮಾತ್ರ ನೆಗಡಿಯಾಗುತ್ತದೆ. ಅದೂ ಬೆಳಗಿನ ಜಾವ, ಕ್ಯಾಮೆರಾ ಸಿದ್ಧವಾಗಿ, ಬಿಸಿಲು ಇನ್ನೇನು ಮರದ ಸಂದಿಯಿಂದ ಇಳಿಯಬೇಕು ಅನ್ನುವಾಗ. ಆ ನೆಗಡಿಯ ಮೂಲವನ್ನು ರಾಗಿಗುಡ್ಡದ ಒಬ್ಬ ಮೇಸ್ತ್ರಿ ಆರು ಬೆಳಗ್ಗೆಗಳಲ್ಲಿ ಹುಡುಕಿದ ಕಥೆ ಇದು. ಇದರಲ್ಲಿ ಫೈಟಿಂಗ್ ಇಲ್ಲ, ಡ್ಯುಯೆಟ್ ಇಲ್ಲ. ಆದರೂ ಸಸ್ಪೆನ್ಸಿಗೇನೂ ಕಮ್ಮಿ ಇಲ್ಲ ಅಂತ ಭರವಸೆ ಕೊಡುತ್ತೇನೆ.

ಬೆಂಗಳೂರಿನ ಕೂಸು, ಫ್ರೆಂಚ್ ಹೃದಯ

ಮೊದಲು ಕಾರಿನ ಪರಿಚಯ. ಸ್ಯಾನ್ ಸ್ಟಾರ್ಮ್ ಅನ್ನುವ ಹೆಸರು ಕೇಳಿದ್ದೀರಾ? ನೂರಕ್ಕೆ ತೊಂಬತ್ತು ಜನ ಕೇಳಿರಲಿಕ್ಕಿಲ್ಲ. 1990ರ ದಶಕದ ಕೊನೆಯಲ್ಲಿ, ರೈಲು ಎಂಜಿನ್ ಮಾಡುವ ಬೆಂಗಳೂರಿನ ಸ್ಯಾನ್ ಬಳಗದವರು ಹೊರತಂದ ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಮೈ ಫೈಬರ್‌ಗ್ಲಾಸಿನದು. ಎಂಜಿನ್ ಫ್ರಾನ್ಸಿನ ರೇನೋ ಕಂಪನಿಯದು: 1149 ಸಿ.ಸಿ., ಸುಮಾರು 60 ಅಶ್ವಶಕ್ತಿ. ಅರವತ್ತು ಕುದುರೆ ಅಂದರೆ ಈಗಿನ ಸಾಧಾರಣ ಕಾರಿನಲ್ಲೂ ಇರುತ್ತವೆ, ನಿಜ. ಆದರೆ ಮೈ ಹಗುರ, ಕೂರುವುದು ನೆಲಕ್ಕೆ ಹತ್ತಿರ, ಮೇಲೆ ಆಕಾಶ! ಕನ್ನಡ ನಾಡಿನ ಒಂದು ಕಂಪನಿ ಇಂಥದ್ದೊಂದು ಕನಸು ಕಂಡಿತ್ತು ಅನ್ನುವುದೇ ಸಂತೋಷದ ಸಂಗತಿ. ಮಾರಾಟವಾದದ್ದು ಬಹಳ ಕಡಿಮೆ. ಹಾಗಾಗಿ ಇವತ್ತು ರಸ್ತೆಯಲ್ಲಿ ಒಂದು ಕಂಡರೆ ಜನ ಅದು ವಿದೇಶದ್ದೇ ಅಂತ ತಿಳಿದುಕೊಳ್ಳುತ್ತಾರೆ.

ಅಂಥದ್ದೊಂದು ಕೆಂಪು ಕಾರು ಭದ್ರಾವತಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ನನ್ನ ಪರಿಚಯದವರೊಬ್ಬರ ಮನೆಯಲ್ಲಿದೆ. ವಯಸ್ಸಿನಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಈಗ ಅವರಿಗೆ ನಲವತ್ತೈದು ದಾಟಿದೆ, ಮಗಳು ಕಾಲೇಜಿಗೆ ಹೋಗುತ್ತಾಳೆ. "ರೀ, ಅದನ್ನ ಕೊಟ್ಟಾದ್ರೂ ಒಂದು ಒಳ್ಳೆ ಸ್ಕೂಟರ್ ತನ್ನಿ, ಮಗಳಿಗಾದ್ರೂ ಆಗ್ತದೆ" ಎಂದು ಅವರ ಮನೆಯವರು ಹೇಳುತ್ತಲೇ ಇದ್ದಾರೆ. ಇವರು ಕಿವಿ ಕೇಳದವರ ಹಾಗೆ ಭಾನುವಾರ ಕಾರು ಒರೆಸುತ್ತ ಕೂರುತ್ತಾರೆ.

ಹೋದ ಡಿಸೆಂಬರಿನಲ್ಲಿ, ಇನ್ನೂ ಹೆಸರಿಡದ ಒಂದು ಸಣ್ಣ ಚಿತ್ರದ ಯೂನಿಟ್ ಶಿವಮೊಗ್ಗಕ್ಕೆ ಬಂತು. ತೀರ್ಥಹಳ್ಳಿ ರಸ್ತೆಯಲ್ಲಿ, ಗಾಜನೂರಿನ ಆಚೆ, ತುಂಗೆಯ ಮಗ್ಗುಲಲ್ಲಿ ಹಾಡಿನ ಚಿತ್ರೀಕರಣ. ಪ್ರೊಡಕ್ಷನ್ ಮ್ಯಾನೇಜರ್ ನನ್ನನ್ನು ಕೇಳಿದರು: "ನೀವು ಈ ಕಡೆಯವರು, ಒಂದು ಓಪನ್ ಕಾರು ಸಿಗಬಹುದಾ? ಎರಡು ಬೆಳಗ್ಗೆ ಸಾಕು. ದಿನಕ್ಕೆ ಹತ್ತು ಸಾವಿರ." ನನಗೆ ತಟ್ಟನೆ ಕೆಂಪು ಕಾರು ನೆನಪಾಯಿತು. ಎರಡೂ ಕಡೆ ಮಾತಾಡಿ ಮುಗಿಸಿದೆ. ಚಿತ್ರೀಕರಣಕ್ಕೆ ಇನ್ನು ಒಂದು ವಾರ.

ಆಮೇಲೆ ಸ್ಟುಡಿಯೋದವರು ನಿಧಾನವಾಗಿ ಬಾಯಿಬಿಟ್ಟರು. ಹದಿನೈದು ದಿನದಿಂದ ಕಾರು ಬೆಳಗ್ಗೆ ಸರಿ ಹೋಗುತ್ತಿಲ್ಲ. ಸ್ಟಾರ್ಟ್ ಆಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಮಾತ್ರ ಒಂದು ಕ್ಷಣ ಉಸಿರು ಕಟ್ಟಿದ ಹಾಗೆ ನಿಂತು, ಮುಗ್ಗರಿಸಿ, ಜರ್ಕ್ ಹೊಡೆದು ಆಮೇಲೆ ಮುಂದಕ್ಕೆ ನೆಗೆಯುತ್ತದೆ. ಐದಾರು ನಿಮಿಷ ಓಡಿಸಿದ ಮೇಲೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಬೆಣ್ಣೆ! ಬೆಂಗಳೂರಿನ ಒಂದು ಗ್ಯಾರೇಜಿಗೆ ಫೋನ್ ಮಾಡಿದ್ದರಂತೆ. "ಕಂಪ್ಯೂಟರ್ ಹೋಗಿದೆ, ಹೊರದೇಶದಿಂದ ತರಿಸಬೇಕು, ಎಂಬತ್ತು ಸಾವಿರ ಆಗಬಹುದು" ಎಂದು ಗಾಡಿ ನೋಡದೆಯೇ ತೀರ್ಪು ಬಂದಿದೆ. ಊರಿನ ಇನ್ನೊಂದು ಕಡೆ ಸ್ಕ್ಯಾನರ್ ತಂದ ಹುಡುಗರು ಯಂತ್ರ ಚುಚ್ಚಿ ನೋಡಿದರು. ಈ ಹಳೇ ಕಾರಿನ ಭಾಷೆ ಅವರ ಯಂತ್ರಕ್ಕೆ ಬರಲಿಲ್ಲ. ಅಷ್ಟರಲ್ಲಿ ಭಾವಮೈದುನ ಗುಜರಿಯವನ ನಂಬರನ್ನೂ ಕೊಟ್ಟಾಗಿತ್ತು.

ಸಿನಿಮಾದವರಿಗೆ ಕಾರು ಬೇಕಿದ್ದದ್ದು ಬೆಳಗ್ಗೆ ಆರೂವರೆಗೆ. ನಾಯಕ-ನಾಯಕಿ ಕೂತು ಐವತ್ತು ಅಡಿ ಮುಂದೆ ಬರಬೇಕು, ನಿಲ್ಲಿಸಬೇಕು, ಮತ್ತೆ ಹಿಂದಕ್ಕೆ, ಮತ್ತೆ ಟೇಕ್. ಎಂಜಿನ್ ಬಿಸಿಯಾಗುವ ಹೊತ್ತಿಗೆ ಮಂಜೂ ಹೋಗಿರುತ್ತದೆ, ಬೆಳಕೂ ಹೋಗಿರುತ್ತದೆ. ಕ್ಲೋಸಪ್ಪಿನಲ್ಲಿ ನಾಯಕನ ತಲೆ ಬೊಂಬೆಯ ತಲೆಯ ಹಾಗೆ ಅಲ್ಲಾಡಿದರೆ ಹಾಡಿನ ಗತಿಯೇನು? ಸ್ಟುಡಿಯೋದವರ ಇಪ್ಪತ್ತು ಸಾವಿರ, ಮಗಳ ಕಾಲೇಜಿನ ಫೀಸಿನ ಲೆಕ್ಕ, ನಡುವೆ ನಿಂತು ಮಾತು ಕೊಟ್ಟ ನನ್ನ ಮರ್ಯಾದೆ - ಎಲ್ಲಾ ಆ ಐದು ನಿಮಿಷದ ಮುಗ್ಗರಿಕೆಗೆ ಸಿಕ್ಕಿಬಿದ್ದಿದ್ದವು.

ರಾಗಿಗುಡ್ಡದ ಮೇಸ್ತ್ರಿ

ರಾಗಿಗುಡ್ಡ ಅಂದ ಕೂಡಲೇ ಬೆಂಗಳೂರಿನವರಿಗೆ ಜಯನಗರದ ಕಡೆಯ ಆಂಜನೇಯನ ಗುಡಿ ನೆನಪಾಗುತ್ತದೆ. ಇದು ಅದಲ್ಲ. ಇದು ನಮ್ಮ ಶಿವಮೊಗ್ಗದ ರಾಗಿಗುಡ್ಡ. ಊರಿನ ಅಂಚು, ಗುಡ್ಡದ ಮಗ್ಗುಲಿಗೆ ಹತ್ತಿಕೊಂಡ ಮನೆಗಳು, ದುಡಿದು ತಿನ್ನುವ ಜನ. ಅಲ್ಲೊಂದು ತಗಡಿನ ಶೆಡ್ಡು. ಬೋರ್ಡು ಇಲ್ಲ. ಶೆಡ್ಡಿನ ಯಜಮಾನರಿಗೆ ಎಪ್ಪತ್ತು ದಾಟಿದೆ. ಎಲ್ಲರೂ ಅವರನ್ನು ಕರೆಯುವುದು 'ಮೇಸ್ತ್ರಿ' ಅಂತ.

ಹುಡುಗನಾಗಿದ್ದಾಗ ಅವರು ಕೆಲಸ ಕಲಿತದ್ದು ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಜೋರಾಗಿ ನಡೆಯುತ್ತಿದ್ದ ಕಾಲ. ಆಫೀಸರುಗಳ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳು ರಿಪೇರಿಗೆ ಬರುತ್ತಿದ್ದವಂತೆ. ಹೆರಾಲ್ಡ್ ಅಂದರೆ ಅವರಿಗೆ ಇವತ್ತಿಗೂ ಪ್ರಾಣ. 1961ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಆ ಕಾರಿನ ಮೂಲ ಇಂಗ್ಲೆಂಡಿನ ಟ್ರಯಂಫ್. ಅದೇ ಹೆರಾಲ್ಡಿನ ಚಾಸಿಯನ್ನು ಕತ್ತರಿಸಿ ಚಿಕ್ಕದು ಮಾಡಿ 1962ರಲ್ಲಿ ಇಂಗ್ಲೆಂಡಿನವರು ಸ್ಪಿಟ್‌ಫೈರ್ ಅನ್ನುವ ಸ್ಪೋರ್ಟ್ಸ್ ಕಾರು ಮಾಡಿದರು. "ಆ ಲೆಕ್ಕದಲ್ಲಿ ನಾನೂ ಸ್ಪೋರ್ಟ್ಸ್ ಕಾರಿನ ಮೆಕ್ಯಾನಿಕ್ಕೇ ಮಾರಾಯ" ಎಂದು ನಗುತ್ತಾರೆ ಮೇಸ್ತ್ರಿ.

ಈಗ ಅವರ ಶೆಡ್ಡಿಗೆ ಬರುವವರು ಕಡಿಮೆ. ಕಾರ್ಬುರೇಟರ್ ಕಾಲ ಮುಗಿಯಿತು, ಇವರ ಕಾಲವೂ ಮುಗಿಯಿತು ಅಂತ ಜನರ ಲೆಕ್ಕ. ಬಾಗಿಲು ಹಾಕಿ ಮನೆಯಲ್ಲಿರಿ ಅಂತ ಮಗ ಕೂಡ ಹೇಳುತ್ತಾನಂತೆ. ಕೆಂಪು ಕಾರು ಬಂದು ನಿಂತಾಗ ಅವರು ಬಾನೆಟ್ ಎತ್ತಲಿಲ್ಲ. ಸ್ಟೂಲು ಎಳೆದು ಕೂತು ಕೇಳಿದ್ದು ಮೂರೇ ಪ್ರಶ್ನೆ.

"ಯಾವಾಗ ಮಾಡ್ತದೆ?"

"ಬೆಳಗ್ಗೆ ಮಾತ್ರ ಮೇಸ್ತ್ರಿ."

"ಬಿಸಿಯಾದ ಮೇಲೆ?"

"ಒಂದು ಚೂರೂ ಇಲ್ಲ."

"ಈ ವರ್ಷ ಇದಕ್ಕೆ ಏನೇನು ಕೆಲಸ ಮಾಡಿಸಿದ್ರಿ?"

ಸ್ಟುಡಿಯೋದವರು ಯೋಚಿಸಿ, ಏಪ್ರಿಲ್‌ನಲ್ಲಿ ನೀರು ಸೋರುತ್ತಿತ್ತು, ರೇಡಿಯೇಟರ್ ಕೆಲಸ ಮಾಡಿಸಿದೆ, ಏನೋ ಒಂದೆರಡು ಸಣ್ಣ ಸಾಮಾನು ಹಾಕಿದ್ದರು, ಅದಕ್ಕೂ ಇದಕ್ಕೂ ಎಂಟು ತಿಂಗಳ ಅಂತರ ಅಂದರು. ಮೇಸ್ತ್ರಿ "ಹ್ಞೂಂ" ಅಂದು ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಏನೋ ಗೀಚಿದರು. ಆಮೇಲೆ, "ಗಾಡಿ ಇಲ್ಲೇ ಬಿಡಿ. ಸಾಯಂಕಾಲ ಯಾರೂ ಸೆಲ್ಫ್ ಹೊಡೀಬಾರದು. ತಣ್ಣಗಿನ ಕಾಯಿಲೆಗೆ ದಿನಕ್ಕೆ ಒಂದೇ ಸಲ ನಾಡಿ ಸಿಗೋದು" ಅಂದರು.

ಆ ಮಾತಿನ ಬೆಲೆ ಆಮೇಲೆ ನನಗೆ ಗೊತ್ತಾಯಿತು. ಒಮ್ಮೆ ಎಂಜಿನ್ ಬಿಸಿಯಾದರೆ ಪೂರ್ತಿ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಅಂದರೆ ಒಂದು ಬೆಳಗ್ಗೆಗೆ ಒಂದೇ ಪರೀಕ್ಷೆ. ಒಂದೇ ದಿನ ನಾಲ್ಕು ಸಾಮಾನು ಬದಲಾಯಿಸಿದರೆ ಗಾಡಿ ಸರಿಹೋದರೂ ಯಾವುದರಿಂದ ಅಂತ ತಿಳಿಯುವುದಿಲ್ಲ, ಮೂರು ಸಾಮಾನಿನ ದುಡ್ಡು ದಂಡ. ನಮಗೆ ಇದ್ದದ್ದು ಸೋಮವಾರದಿಂದ ಶನಿವಾರದವರೆಗೆ ಆರೇ ಬೆಳಗ್ಗೆ. ಭಾನುವಾರ ಷೂಟಿಂಗ್!

ತಣ್ಣಗಿನ ಎಂಜಿನ್ನಿಗೆ ಹಸಿವು ಜಾಸ್ತಿ

ಇಲ್ಲಿ ಸ್ವಲ್ಪ ವಿಜ್ಞಾನ. ಭಯಪಡಬೇಡಿ, ಪಿಯುಸಿಯನ್ನು ಅರ್ಧಕ್ಕೆ ಬಿಟ್ಟ ನನಗೇ ಅರ್ಥವಾಗುವ ಹಾಗೆ ಮೇಸ್ತ್ರಿ ಹೇಳಿದ್ದು.

ಪೆಟ್ರೋಲು ನೀರಾಗಿದ್ದಾಗ ಸರಿಯಾಗಿ ಉರಿಯುವುದಿಲ್ಲ, ಆವಿಯಾಗಿ ಗಾಳಿಯ ಜೊತೆ ಬೆರೆತರೆ ಮಾತ್ರ ಉರಿಯುತ್ತದೆ. ಬರೀ ಪೆಟ್ರೋಲಾದರೆ ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ. ಇದು ಬಿಸಿ ಎಂಜಿನ್ನಿನ ಲೆಕ್ಕ. ತಣ್ಣಗಿದ್ದಾಗ ಏನಾಗುತ್ತದೆ? ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಹಬೆ ತಾಗಿ ನೀರಾಗಿ ಅಂಟುತ್ತದಲ್ಲ, ಹಾಗೆ ಪೆಟ್ರೋಲಿನ ಒಂದು ಪಾಲು ಎಂಜಿನ್ನಿನ ತಣ್ಣನೆಯ ಗೋಡೆಗೇ ಅಂಟಿಕೊಂಡುಬಿಡುತ್ತದೆ. ಒಳಗೆ ಉರಿಯುವುದಕ್ಕೆ ಸಿಗುವುದು ಉಳಿದಷ್ಟೇ. ಹಾಗಾಗಿ ಬೆಳಗ್ಗೆ ಎಂಜಿನ್ನಿಗೆ ಮಾಮೂಲಿಗಿಂತ ಹೆಚ್ಚು ಪೆಟ್ರೋಲು ಬಡಿಸಬೇಕು. ಕೊಡದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಗಾಳಿ ಮಾತ್ರ ನುಗ್ಗುತ್ತದೆ, ಪೆಟ್ರೋಲು ಹಿಂದೆ ಬೀಳುತ್ತದೆ. ಅದೇ ಮುಗ್ಗರಿಕೆ.

ಹಿಂದಿನ ಕಾರುಗಳಲ್ಲಿ ಈ ಹೆಚ್ಚಿನ ಊಟ ಬಡಿಸುತ್ತಿದ್ದದ್ದು ನಾವೇ. ಡ್ಯಾಶ್‌ಬೋರ್ಡಿನಲ್ಲಿ ಚೋಕ್ ಅಂತ ಒಂದು ಗುಬಟು. ಬೆಳಗ್ಗೆ ಎಳೆಯುವುದು, ಗಾಡಿ ಬಿಸಿಯಾದ ಮೇಲೆ ಒಳಕ್ಕೆ ತಳ್ಳುವುದು. ನಿಮ್ಮ ತಂದೆಯವರನ್ನೋ ಮಾವನವರನ್ನೋ ಕೇಳಿ, ಕಥೆ ಕಥೆ ಹೇಳುತ್ತಾರೆ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಚೋಕ್ ಇಲ್ಲ. ಎಂಜಿನ್ನಿನ ನೀರು ಎಷ್ಟು ಬಿಸಿ ಇದೆ ಎಂದು ನೋಡಿ ಹೇಳಲು ಒಂದು ಪುಟ್ಟ ಸೆನ್ಸರ್ ಇದೆ. ಅದು ಹೇಳಿದ ಮಾತನ್ನು ನಂಬಿ ಕಂಪ್ಯೂಟರ್ ಪೆಟ್ರೋಲು ಅಳೆಯುತ್ತದೆ.

"ಮೊದಲು ಚೋಕ್ ಎಳೆಯೋನು ಮನುಷ್ಯ. ಈಗ ಚೋಕ್ ಎಳೆಯೋದು ಒಬ್ಬ ಚಾಡಿಕೋರ. ಅವನು ಸುಳ್ಳು ಹೇಳಿದ್ರೆ ಯಜಮಾನ ಏನು ಮಾಡ್ತಾನೆ, ಪಾಪ?" - ಇದು ಮೇಸ್ತ್ರಿಯ ಡೈಲಾಗು!

ಆದರೂ ಅವರು ನೇರವಾಗಿ ಸೆನ್ಸರಿಗೆ ಕೈ ಹಾಕಲಿಲ್ಲ. ಅನುಮಾನ ಬೇರೆ, ಪುರಾವೆ ಬೇರೆ. ಬಿಸಿಯಾದ ಮೇಲೆ ಬದಲಾಗುವ ವಸ್ತುಗಳು ಎಂಜಿನ್ನಿನಲ್ಲಿ ಇನ್ನೂ ಇವೆ. ರಬ್ಬರ್ ಪೈಪು ಚಳಿಗೆ ಸೆಟೆದು ಬಿರುಕು ಬಿಡುತ್ತದೆ, ಬಿಸಿಗೆ ಮೆತ್ತಗಾಗಿ ಕೂಡಿಕೊಳ್ಳುತ್ತದೆ. ಗ್ಯಾಸ್ಕೆಟ್ ಕೂಡ ಹಾಗೆಯೇ. ಪ್ಲಗ್ಗಿನ ಕಿಡಿ ಮೊದಲೇ ಸೊರಗಿದ್ದರೆ ತಣ್ಣನೆಯ ಮಿಶ್ರಣ ಹೊತ್ತಿಸಲು ಒದ್ದಾಡುತ್ತದೆ. ಒಂದೊಂದನ್ನೂ ಕೇಳಬೇಕು.

ಆರು ಬೆಳಗ್ಗೆ, ಆರು ಪ್ರಶ್ನೆ

ಸೋಮವಾರ. ಗಂಟೆ ಆರು, ಚಳಿ ಹದಿನೈದು ಡಿಗ್ರಿಯ ಆಸುಪಾಸು. ಮೇಸ್ತ್ರಿ ಮಫ್ಲರ್ ಸುತ್ತಿಕೊಂಡು ಪಕ್ಕದ ಸೀಟಿನಲ್ಲಿ ಕೂತರು. ಕೈಯಲ್ಲಿ ಸ್ಪ್ಯಾನರ್ ಇಲ್ಲ, ಗಡಿಯಾರ ಮಾತ್ರ. ರಾಗಿಗುಡ್ಡದ ಏರಿನಲ್ಲಿ ಕಾರು ಮುಗ್ಗರಿಸಿತು. "ನಿಧಾನ ಒತ್ತಿ" ಅಂದರು, ಹೋಯಿತು. "ಈಗ ಫಟ್ಟಂತ ಒತ್ತಿ" ಅಂದರು, ಮುಗ್ಗರಿಸಿತು. ಆರನೇ ನಿಮಿಷಕ್ಕೆ ಸರಿಹೋಯಿತು. "ಹೊಟ್ಟೆಗಿಲ್ಲದ ಮುಗ್ಗರಿಕೆ ಇದು, ಅಜೀರ್ಣದ್ದಲ್ಲ" ಅಂದರು. ಪೆಟ್ರೋಲು ಜಾಸ್ತಿಯಾದರೆ ಕಪ್ಪು ಹೊಗೆ, ಕಮಟು ವಾಸನೆ ಬರುತ್ತದೆ. ಇಲ್ಲಿ ಎರಡೂ ಇರಲಿಲ್ಲ.

ಮಂಗಳವಾರ ಪ್ಲಗ್. ಮುಗ್ಗರಿಸಿದ ಎರಡು ನಿಮಿಷಕ್ಕೆ ಆಫ್ ಮಾಡಿಸಿ, ನಾಲ್ಕೂ ಬಿಚ್ಚಿ ಹಳೇ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟರು. ನಾಲ್ಕರ ಮುಖವೂ ಬಿಳಿಚಿಕೊಂಡಿತ್ತು, ಮಸಿ ಇಲ್ಲ. ಒಂದು ಮಾತ್ರ ಬಿಳಿ ಇದ್ದರೆ ಆ ಒಂದು ಸಿಲಿಂಡರಿನ ಕಡೆ ನೋಡಬೇಕು. ನಾಲ್ಕೂ ಒಂದೇ ಬಣ್ಣ ಅಂದರೆ ತಪ್ಪು ನಾಲ್ಕಕ್ಕೂ ಸೇರಿದ ಜಾಗದಲ್ಲಿದೆ. ಕಿಡಿ ನೋಡಿದರು, ನೀಲಿ, ಗಟ್ಟಿ. ಪ್ಲಗ್ ನಿರಪರಾಧಿ.

ಬುಧವಾರ ಗಾಳಿ ಕಳ್ಳತನ. ಎಲ್ಲಾದರೂ ಪೈಪು ಬಿರಿದು, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿದರೂ ಇದೇ ರೋಗ ಬರುತ್ತದೆ. ಇಸ್ತ್ರಿಯವರು ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ತಂದು, ಎಂಜಿನ್ ತಣ್ಣಗೆ ಓಡುತ್ತಿರುವಾಗ ಒಂದೊಂದು ರಬ್ಬರ್ ಪೈಪಿಗೂ ಕೀಲಿಗೂ ನೀರು ಹೊಡೆದರು, ತಂತಿಗಳನ್ನು ಮಾತ್ರ ಬಿಟ್ಟು. ಬಿರುಕಿದ್ದರೆ ನೀರು ಅದನ್ನು ಅರೆಕ್ಷಣ ಮುಚ್ಚುತ್ತದೆ, ಎಂಜಿನ್ನಿನ ಸದ್ದು ಬದಲಾಗುತ್ತದೆ. ಕೆಲವರು ಪೆಟ್ರೋಲು ಚಿಮುಕಿಸಿ ನೋಡುತ್ತಾರಂತೆ. "ಅದು ಹುಚ್ಚುತನ, ಶೆಡ್ಡು ಸುಟ್ಟು ಹೋಗ್ತದೆ" ಎಂದು ಗದರಿದರು. ಸದ್ದು ಎಲ್ಲಿಯೂ ಬದಲಾಗಲಿಲ್ಲ.

ಅವತ್ತು ಟೀ ಅಂಗಡಿಯಲ್ಲಿ ಒಬ್ಬರು, "ಎಲ್ಲಾ ಈ ಎಥನಾಲ್ ಪೆಟ್ರೋಲಿನ ಆಟ ಸ್ವಾಮಿ" ಅಂದರು. ಮೇಸ್ತ್ರಿ ಅದನ್ನು ತಳ್ಳಿಹಾಕಲಿಲ್ಲ. 2025ರ ಹೊತ್ತಿಗೆ ನಮ್ಮ ಬಂಕುಗಳಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ಬಂದಿದೆ. ಎಥನಾಲ್ ಆವಿಯಾಗಬೇಕಾದರೆ ಪೆಟ್ರೋಲಿನ ಎರಡು ಪಟ್ಟಿಗಿಂತ ಹೆಚ್ಚು ಶಾಖ ಹೀರುತ್ತದೆ, ಉರಿಯಲು ಗಾಳಿ ಮಾತ್ರ ಕಡಿಮೆ ಸಾಕು. ಅಂದರೆ ಹಳೇ ಲೆಕ್ಕಕ್ಕೆ ಕೂಡಿಸಿದ ಗಾಡಿಗೆ ಅದೇ ಅಳತೆ ಬಡಿಸಿದರೆ ಊಟ ಕಮ್ಮಿ ಬಿದ್ದ ಹಾಗೆ. ಆಕ್ಸಿಜನ್ ಸೆನ್ಸರ್ ಇರುವ ಗಾಡಿಗಳಲ್ಲಿ ಬಿಸಿಯಾದ ಮೇಲೆ ಕಂಪ್ಯೂಟರ್ ಅದನ್ನು ಸರಿದೂಗಿಸಿಕೊಳ್ಳುತ್ತದೆ, ತಣ್ಣಗಿರುವಾಗ ಆ ಸೌಕರ್ಯ ಇಲ್ಲ. "ಅದು ಗಾಯದ ಮೇಲೆ ಉಪ್ಪು, ಒಪ್ಪಿದೆ. ಆದ್ರೆ ಗಾಯ ಎಲ್ಲಿ? ಮಳೆಗಾಲದಲ್ಲೂ ಇದೇ ಪೆಟ್ರೋಲಲ್ವಾ ಹಾಕಿದ್ದು? ಆಗ ಮುಗ್ಗರಿಸಲಿಲ್ಲ" ಅಂದರು.

ಗುರುವಾರ ಪಂಪು. ರಾತ್ರಿಯಿಡೀ ನಿಂತಾಗ ಪೈಪಿನಲ್ಲಿ ಒತ್ತಡ ಇಳಿದುಹೋಗಿದ್ದರೂ ಬೆಳಗ್ಗೆ ತೊಂದರೆ ಬರಬಹುದು. ಕೀಲಿಯನ್ನು ಸೆಲ್ಫ್ ಹೊಡೆಯದೆ ಮೂರು ಸಲ ಆನ್ ಮಾಡಿ ಆಫ್ ಮಾಡಿಸಿದರು. ಪ್ರತಿ ಸಲವೂ ಪಂಪು ಒಂದೆರಡು ಸೆಕೆಂಡ್ 'ಗುಂಯ್' ಅಂದು ಒತ್ತಡ ತುಂಬುತ್ತದೆ. ಆಮೇಲೆ ಸ್ಟಾರ್ಟ್ ಮಾಡಿದರೂ ಅದೇ ಮುಗ್ಗರಿಕೆ, ಅಷ್ಟೇ ನಿಮಿಷ. ಆಮೇಲೆ ಗೇಜ್ ಹಾಕಿ ಒತ್ತಡವನ್ನೂ ನೋಡಿದರು, ಸರಿ ಇತ್ತು. ಪಂಪೂ ನಿರಪರಾಧಿ. ನನಗೋ ಒಳಗೊಳಗೇ ನಡುಕ. ಪ್ರೊಡಕ್ಷನ್ ಮ್ಯಾನೇಜರ್ ಅಷ್ಟರಲ್ಲಿ ಎರಡು ಸಲ ಫೋನ್ ಮಾಡಿದ್ದರು.

ಟೀ ಲೋಟದಲ್ಲಿ ಸಿಕ್ಕ ಸುಳ್ಳುಗಾರ

ಶುಕ್ರವಾರ ಸೆನ್ಸರಿನ ಸರದಿ. ಸ್ಟುಡಿಯೋದವರ ಮೊಬೈಲಿನಲ್ಲಿ ಈ ಎಂಜಿನ್ನಿನ ರಿಪೇರಿ ಪುಸ್ತಕದ ಕೆಲವು ಪುಟ ಇದ್ದವು. ಭಾಷೆ ಫ್ರೆಂಚ್! ಆದರೆ ಅಂಕಿಗೆ ಭಾಷೆ ಇಲ್ಲವಲ್ಲ. ಇಂಥ ಸೆನ್ಸರಿನ ಗುಣ ಏನೆಂದರೆ ತಣ್ಣಗಿದ್ದಾಗ ಕರೆಂಟಿಗೆ ತಡೆ ಹೆಚ್ಚು, ಬಿಸಿಯಾದಂತೆ ತಡೆ ಕಡಿಮೆ. ಹದಿನೈದು-ಹದಿನಾರು ಡಿಗ್ರಿಯಲ್ಲಿ ಮೂರು ಸಾವಿರ ಓಮ್ಸ್ ಹತ್ತಿರ ಇರಬೇಕು. ಎಂಬತ್ತು ಡಿಗ್ರಿಯಲ್ಲಿ ಮುನ್ನೂರು ಚಿಲ್ಲರೆ.

ಸೆಲ್ಫ್ ಹೊಡೆಯುವ ಮೊದಲೇ ಮೇಸ್ತ್ರಿ ಸೆನ್ಸರಿನ ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದರು. ಮುಳ್ಳಿನ ಮೀಟರ್ ಅಲ್ಲ, ಮಗ ಕೊಡಿಸಿದ ಡಿಜಿಟಲ್ ಮೀಟರ್. ಅಂಕಿ ನಿಂತದ್ದು ಒಂಬೈನೂರಕ್ಕೆ!

ಮೂರು ಸಾವಿರ ಇರಬೇಕಾದ ಕಡೆ ಒಂಬೈನೂರು. ಅಂದರೆ ಮಂಜಿನಲ್ಲಿ ನೆನೆದು ನಿಂತ ಎಂಜಿನ್ನನ್ನು ತೋರಿಸಿ, "ಯಜಮಾನ್ರೇ, ಆಗಲೇ ನಲವತ್ತೈದು-ಐವತ್ತು ಡಿಗ್ರಿ ಬಿಸಿಯಾಗಿದೆ, ಹೆಚ್ಚಿಗೆ ಪೆಟ್ರೋಲು ಬೇಡ" ಅಂತ ಸೆನ್ಸರ್ ಹೇಳುತ್ತಿತ್ತು. ಕಂಪ್ಯೂಟರ್ ನಂಬಿತ್ತು. ಎಂಬತ್ತು ಸಾವಿರದ ಅಪರಾಧಿ ಅಂತ ಫೋನಿನಲ್ಲಿ ತೀರ್ಪಾಗಿದ್ದ ಕಂಪ್ಯೂಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು!

ಮೇಸ್ತ್ರಿ ಸೆನ್ಸರ್ ಬಿಚ್ಚಿ, ಟೀ ಅಂಗಡಿಯಿಂದ ಎರಡು ಗಾಜಿನ ಲೋಟ ತರಿಸಿದರು. ಒಂದರಲ್ಲಿ ತಣ್ಣೀರು, ಒಂದರಲ್ಲಿ ಕುದಿದು ಸ್ವಲ್ಪ ಆರಿದ ನೀರು. ತಣ್ಣೀರಿನಲ್ಲಿ ಅದೇ ಒಂಬೈನೂರರ ಹತ್ತಿರ. ಬಿಸಿನೀರಿನಲ್ಲಿ ಇನ್ನೂರ ಅರವತ್ತು. ಇರಬೇಕಾದದ್ದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಬಿಸಿಯಾದ ಮೇಲೆ ಕಾರು ಬೆಣ್ಣೆಯಾಗುತ್ತಿದ್ದದ್ದು ಯಾಕೆ ಅನ್ನುವುದಕ್ಕೆ ಲೋಟದಲ್ಲೇ ಉತ್ತರ ಸಿಕ್ಕಿತು. ಸೆನ್ಸರಿನ ಒಳಗೆ ತೇವ ಸೇರಿ ಕರೆಂಟು ಓಡಾಡಲು ಒಂದು ಕಳ್ಳದಾರಿ ಆಗಿತ್ತು. ನಿಜವಾದ ದಾರಿಯೇ ಅಗಲವಾಗಿದ್ದಾಗ, ಅಂದರೆ ಬಿಸಿಯಲ್ಲಿ, ಆ ಸಣ್ಣ ಕಳ್ಳದಾರಿಯಿಂದ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ನಿಜವಾದ ದಾರಿ ಕಿರಿದಾಗಿದ್ದಾಗ, ಅಂದರೆ ಚಳಿಯಲ್ಲಿ, ಎಲ್ಲಾ ಕಳ್ಳದಾರಿಯಲ್ಲೇ ನುಗ್ಗುತ್ತದೆ.

ಇನ್ನು ಏಪ್ರಿಲ್‌ನ ಕಥೆ. ರೇಡಿಯೇಟರ್ ಕೆಲಸದ ಜೊತೆ ಯಾರೋ ಹಾಕಿದ 'ಸಣ್ಣ ಸಾಮಾನು' ಇದೇ. ಮೇಲೆ ಕಂಪನಿಯ ಹೆಸರಿಲ್ಲ, ಅಂಕಿಯಿಲ್ಲ, ಡೂಪ್ಲಿಕೇಟ್ ಮಾಲು. ಬೇಸಿಗೆಯ ಬೆಳಗ್ಗೆ ಎಂಜಿನ್ನಿಗೆ ಅಷ್ಟೊಂದು ಹಸಿವಿರುವುದಿಲ್ಲ, ಸುಳ್ಳು ನಡೆದುಹೋಯಿತು. ಮಳೆಗಾಲದಲ್ಲಿ ತೇವ ಇಳಿಯಿತು, ಡಿಸೆಂಬರಿನ ಚಳಿಗೆ ಸುಳ್ಳು ಬಯಲಾಯಿತು. ಎಂಟು ತಿಂಗಳು ಹಿಂದೆ ಬಿತ್ತಿದ್ದು ಈಗ ಮೊಳೆತಿತ್ತು. ಕ್ಯಾಲೆಂಡರಿನ ಮೇಲೆ ಮೇಸ್ತ್ರಿ ಸೋಮವಾರವೇ ಗೀಚಿದ್ದು ಆ ತಿಂಗಳ ಹೆಸರನ್ನು!

ಶನಿವಾರ. ನಾನಾಗಿದ್ದರೆ ಓಡಿಹೋಗಿ ಹೊಸ ಸೆನ್ಸರ್ ಹಾಕಿಸುತ್ತಿದ್ದೆ. ಮೇಸ್ತ್ರಿ ಮೊದಲು ರೇಡಿಯೋ ರಿಪೇರಿ ಅಂಗಡಿಯಿಂದ ಎರಡು ಸಾವಿರದ ಏಳುನೂರು ಓಮ್ಸ್‌ನ ಒಂದು ರೆಸಿಸ್ಟರ್ ತರಿಸಿ, ಸೆನ್ಸರಿನ ಕನೆಕ್ಟರಿಗೆ ಸಿಕ್ಕಿಸಿದರು. ಒಂದೆರಡು ರೂಪಾಯಿಯ ಸಾಮಾನು. ಕಂಪ್ಯೂಟರಿಗೆ 'ಚಳಿ ಇದೆ' ಎನ್ನುವ ನಿಜ ಈಗ ಅದರ ಬಾಯಿಂದ ತಲುಪುತ್ತದೆ. ಸೆಲ್ಫ್ ಹೊಡೆದು, ರಾಗಿಗುಡ್ಡದ ಏರಿಗೆ ತಿರುಗಿಸಿ, ಫಟ್ಟಂತ ಒತ್ತಿದರೆ - ಕೆಂಪು ಕಾರು ಚಂಗನೆ ಹಾರಿತು! ಸ್ಟುಡಿಯೋದವರು ಸ್ಟೀರಿಂಗ್ ಹಿಡಿದುಕೊಂಡೇ ಕಣ್ಣು ಒರೆಸಿಕೊಂಡರು. ನಾನು ಬೇರೆ ಕಡೆ ನೋಡಿದೆ.

ಎರಡು ನಿಮಿಷಕ್ಕೆ ಮೇಸ್ತ್ರಿ ನಿಲ್ಲಿಸಿಸಿ ರೆಸಿಸ್ಟರ್ ಕಿತ್ತರು. ಅದನ್ನೇ ಬಿಟ್ಟರೆ ಎಂಜಿನ್ ಬಿಸಿಯಾದ ಮೇಲೂ ಕಂಪ್ಯೂಟರ್ ಚಳಿ ಅಂತಲೇ ತಿಳಿದು ಪೆಟ್ರೋಲು ಸುರಿಯುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ಅದು ಪುರಾವೆಗೆ ಮಾತ್ರ, ಔಷಧಿಯಲ್ಲ.

ಔಷಧಿಗೆ ಸ್ಪೇರ್ಸ್ ಅಂಗಡಿಗೆ ಹೋದೆವು. ಫ್ರಾನ್ಸಿನ ಸಾಮಾನು ಅಲ್ಲಿ ಎಲ್ಲಿ ಬರಬೇಕು? ಮೇಸ್ತ್ರಿ ಕೌಂಟರಿನ ಮೇಲೆ ಎರಡು ಲೋಟ, ಮೀಟರ್ ಇಟ್ಟುಕೊಂಡು, ಇಲ್ಲೇ ಓಡಾಡುವ ಬೇರೆ ಬೇರೆ ಕಾರುಗಳ ಮೂರು ಸೆನ್ಸರ್ ತೆಗೆಸಿ ಒಂದೊಂದನ್ನೂ ಅದ್ದಿ ಅಳೆದರು. ಅಂಗಡಿಯವರು ಬೈಯುತ್ತಾರೆ ಅಂದುಕೊಂಡೆ. ಅವರು ಬಿಸಿನೀರು ಆರಿದೆ ಅಂತ ತಾವೇ ಬೇರೆ ತರಿಸಿಕೊಟ್ಟರು! ಮೂರನೆಯದರ ಅಂಕಿಗಳು ಫ್ರೆಂಚ್ ಪುಸ್ತಕಕ್ಕೆ ತಾಳೆಯಾದವು, ಮರೆಯೂ ಕೂಡಿತು. ಬೆಲೆ ಆರುನೂರು ರೂಪಾಯಿಯ ಒಳಗೆ.

ಲೈಟ್ಸ್, ಕ್ಯಾಮೆರಾ...

ಭಾನುವಾರ ಬೆಳಗ್ಗೆ ಆರೂ ಮುಕ್ಕಾಲಿಗೆ ಮೊದಲ ಟೇಕ್. ತುಂಗೆಯ ಮೇಲೆ ಮಂಜು, ನಾಯಕಿಯ ಶಾಲು ಹಾರುತ್ತಿದೆ, ನಾಯಕನ ತಲೆ ನೆಟ್ಟಗಿದೆ. ಏಳು ಟೇಕ್ ಆಯಿತು, ಏಳಕ್ಕೂ ಕಾರಣ ನೃತ್ಯದ ಹೆಜ್ಜೆಯೇ ಹೊರತು ಕಾರಲ್ಲ. ಎರಡನೇ ದಿನವೂ ಸುಸೂತ್ರ. ಸ್ಟುಡಿಯೋದವರಿಗೆ ದುಡ್ಡು ಅಲ್ಲೇ ಕೈಗೆ ಬಂತು. ಮನೆಯವರ ಸ್ಕೂಟರಿನ ಮಾತು ಮುಂದಕ್ಕೆ ಹೋಗಿದೆ, ಗುಜರಿಯವನ ನಂಬರು ಕಸದ ಬುಟ್ಟಿಗೆ ಹೋಗಿದೆ.

ಮೇಸ್ತ್ರಿ ಆರು ಬೆಳಗ್ಗೆಗೆ ತೆಗೆದುಕೊಂಡ ಕೂಲಿ ಎರಡು ಸಾವಿರ. ಹೆಚ್ಚು ಕೊಡಲು ಹೋದರೆ, "ಸಾಮಾನು ಹಾಕಿದ್ದು ಒಂದೇ ಅಲ್ವಾ?" ಅಂದುಬಿಟ್ಟರು. ಅವರ ಶೆಡ್ಡಿಗೆ ಈಗ ಸ್ಕ್ಯಾನರ್ ಹುಡುಗರೇ ಆಗಾಗ ಬರುತ್ತಾರೆ. ಯಂತ್ರ ತೋರಿಸಿದ ಅಂಕಿ ನಿಜವೋ ಸುಳ್ಳೋ ಅಂತ ಲೋಟದಲ್ಲಿ ಅದ್ದಿ ನೋಡುವುದನ್ನು ಕಲಿಯುತ್ತಿದ್ದಾರೆ. ಅವರೂ ಇವರಿಗೆ ಸ್ಕ್ಯಾನರ್ ಕಲಿಸುತ್ತಿದ್ದಾರಂತೆ. ಬಾಗಿಲು ಹಾಕುವ ಮಾತು ಸದ್ಯಕ್ಕೆ ಇಲ್ಲ.

ಓದುಗ ಮಿತ್ರರೇ, ನಿಮ್ಮಲ್ಲಿ ಸ್ಪೋರ್ಟ್ಸ್ ಕಾರು ಇರುವವರು ಕಡಿಮೆ. ಹಳೇ ಮಾರುತಿಯೋ ಇಂಜೆಕ್ಷನ್ ಬೈಕೋ ಇರಬಹುದು. ಬೆಳಗ್ಗೆ ಅದು ಮುಗ್ಗರಿಸಿದರೆ ಗ್ಯಾರೇಜಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಎಷ್ಟು ನಿಮಿಷ ಮುಗ್ಗರಿಸುತ್ತದೆ, ನಿಧಾನ ಒತ್ತಿದರೂ ಮಾಡುತ್ತದೆಯೇ, ಹೊಗೆ ಯಾವ ಬಣ್ಣ, ಕಳೆದ ಒಂದು ವರ್ಷದಲ್ಲಿ ಏನೇನು ಬದಲಾಯಿಸಿದಿರಿ. ಗಾಡಿಯನ್ನು ಹಿಂದಿನ ಸಂಜೆಯೇ ಒಪ್ಪಿಸಿ, ಬೆಳಗ್ಗೆ ತಣ್ಣಗಿರುವಾಗಲೇ ನೋಡಲು ಹೇಳಿ. ಬಿಸಿ ಎಂಜಿನ್ ತಂದು ನಿಲ್ಲಿಸಿ 'ನೋಡಿ ಸಾರ್' ಅಂದರೆ, ಜ್ವರ ಬಿಟ್ಟ ಮೇಲೆ ಡಾಕ್ಟರ ಹತ್ತಿರ ಹೋದ ಹಾಗೆ.

ಹಾಡು ಎಡಿಟಿಂಗ್ ಮೇಜಿನ ಮೇಲೆ ಎಷ್ಟು ಉಳಿಯುತ್ತದೋ ತಿಳಿಯದು. ಆದರೆ ಒಂದು ಗುಟ್ಟು ಹೇಳುತ್ತೇನೆ. ಚಿತ್ರ ಬಂದಾಗ ಆ ಕಾರು ಹುಲಿಯ ಹಾಗೆ ಗರ್ಜಿಸುವುದನ್ನು ನೀವು ಕೇಳುತ್ತೀರಿ. ಅರವತ್ತು ಕುದುರೆಯ ಸೌಮ್ಯ ಸದ್ದು ನಾಯಕನಿಗೆ ಸಾಲದು ಅಂತ ಡಬ್ಬಿಂಗಿನಲ್ಲಿ ಯಾವುದೋ ದೊಡ್ಡ ಎಂಜಿನ್ನಿನ ಧ್ವನಿ ಸೇರಿಸುತ್ತಾರಂತೆ! ಅದನ್ನು ಹೇಳಿದಾಗ ಮೇಸ್ತ್ರಿಗೆ ಸ್ವಲ್ಪ ಬೇಜಾರಾಯಿತು. "ಅಷ್ಟು ಕಷ್ಟಪಟ್ಟು ಸದ್ದು ಸರಿ ಮಾಡಿಕೊಟ್ಟೆ, ಅದನ್ನೇ ತೆಗೆದುಬಿಟ್ರಾ?" ಅಂದರು. ಆದರೂ ಮೊದಲ ದಿನ ಮೊದಲ ಆಟಕ್ಕೆ ಟಿಕೆಟ್ ತೆಗೆಸಿಕೊಡಬೇಕು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಬಾಲ್ಕನಿಯೇ ಆಗಬೇಕಂತೆ.